ದುರ್ಗದ ಸೀಮೆಯ ಯುದ್ಧಗಳೂ ಪರಸೇವೆಯ ಸೈನಿಕರ ಮುಂದಣ ಗತಿಯೂ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರವು ಮಾರಮ್ಮನ ಜಾತ್ರೆಯಿಂದ ನಾಡಿಗೆ ಪರಿಚಿತವಾದ ಗ್ರಾಮ. ಭಾದ್ರಪದದಲ್ಲಿ ಊರ ಹೊರಗಣ ಬಯಲಿನಲ್ಲಿ ನೆರೆಯುವ ಪರಿಷೆಗೆ ಕನ್ನಡ ಸೀಮೆಯವರಂತೆಯೇ ತೆಲುಗು ಸೀಮೆಯವರೂ ಬರುವುದು ವಾಡಿಕೆ. ಈ ಊರೂ ಇದರ ನೆರೆಯ ಮೊಳಕಾಲ್ಮೂರು ಪ್ರಾಂತವೂ ಇರುವ ನೆಲೆಯೇ ಅಂಥದು. ಉತ್ತರಕ್ಕೆ ಬಳ್ಳಾರಿ, ಮೂಡಲಿಗೆ ರಾಯದುರ್ಗ, ನೈಋತ್ಯಕ್ಕೆ ಚಿತ್ರದುರ್ಗ. ಈ ಮೂರು ಕೋಟೆಗಳ ನಡುವಣ ಬಯಲುಸೀಮೆಯಿದು. ಹದಿನೆಂಟನೆಯ ಶತಮಾನದ ಕಡೆಯ ಇಪ್ಪತ್ತೈದು ವರ್ಷಗಳಲ್ಲಿ ಹೈದರಾಲಿಯ ದಂಡು, ಪೇಷ್ವೆಯ ದಂಡು, ನಿಜಾಮನ ದಂಡು, ಕೊನೆಗೆ ಕುಂಪಣಿಯ ದಂಡು ಈ ಸೀಮೆಯ ಸುತ್ತಮುತ್ತ ಹಾದುಹೋದುವು.

ಆ ದಂಡುಗಳಲ್ಲಿ ಈ ನಾಡಿನವರಲ್ಲದ ಸೈನಿಕರು ಅನೇಕರಿದ್ದರು. ಸಂಬಳಕ್ಕಾಗಿ ಬಂದ ಫ್ರೆಂಚರೂ ಜರ್ಮನರೂ ಪೋರ್ತುಗೀಸರೂ ಇದ್ದರು. ಸೆರೆಸಿಕ್ಕಿ ಬಲವಂತದಿಂದ ಸೇರಿಸಲ್ಪಟ್ಟ ಇಂಗ್ಲಿಷರಿದ್ದರು. ಕೊನೆಯ ಯುದ್ಧದಲ್ಲಿ ಕುಂಪಣಿಯ ಪಕ್ಷಕ್ಕೆ ಸ್ವಿಸ್ಸರೂ ಬಂದರು. ಇವರು ಹೇಗೆ ಕಾದಿದರೆಂಬುದನ್ನು ಚರಿತ್ರಕಾರರು ವಿಸ್ತಾರವಾಗಿ ವರ್ಣಿಸಿದ್ದಾರೆ. ಕಾದಾಟ ಮುಗಿದ ಮೇಲೆ ಎಲ್ಲಿಗೆ ಹೋದರು, ಏನಾದರು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಂತೆ ತೋರುವುದಿಲ್ಲ. ಇದೇ ಪ್ರಶ್ನೆಯನ್ನು ದುರ್ಗದ ಸೀಮೆಯಿಂದ ಒಯ್ಯಲ್ಪಟ್ಟ ಬೇಡ ಪದಾತಿಗಳ ವಿಷಯದಲ್ಲಿಯೂ ಕೇಳುವುದು ಯುಕ್ತ. ಶ್ರೀರಂಗಪಟ್ಟಣದಲ್ಲಿ ಅವರೂ ಪರಸ್ಥಳದವರೇ, ಪರರ ಯುದ್ಧವನ್ನು ಕಾದಿದವರೇ.

ಮೈಸೂರಿನ ಸೇವೆಗೆ ಐರೋಪ್ಯರು ಗುಂಪಾಗಿ ಬಂದುದು ಒಂದು ಸೋಲಿನ ಫಲವಾಗಿ. ಕ್ರಿ.ಶ. 1761ರ ಜನವರಿ 16ರಂದು ಪುದುಚೇರಿ ಇಂಗ್ಲಿಷರ ವಶವಾಯಿತು. ಅಲ್ಲಿಂದ ತಪ್ಪಿಸಿಕೊಂಡ ಸುಮಾರು 300 ಮಂದಿ ಅಲೇನ್, ಹ್ಯೂಗೆಲ್ ಎಂಬ ಇಬ್ಬರ ನಾಯಕತ್ವದಲ್ಲಿ ಹೈದರಾಲಿಯ ಬಳಿಗೆ ಬಂದು ಸೇರಿದರು. ಖಂಡೇರಾಯನೊಡನೆ ಹೋರಾಟದಲ್ಲಿದ್ದ ಹೈದರನಿಗೆ ಆ ಸಮಯದಲ್ಲಿ ಇದಕ್ಕಿಂತ ಬೇಕಾದುದು ಬೇರೊಂದಿರಲಿಲ್ಲ. ಪುದುಚೇರಿಯನ್ನು ಕಳೆದುಕೊಂಡ ಸೇನಾಧಿಪತಿ ಕೌಂಟ್ ಲಾಲೀಯಾದರೋ ಸ್ವದೇಶಕ್ಕೆ ಮರಳಿದನು. ಅವನ ಮೇಲೆ ವಿಚಾರಣೆ ನಡೆದು, 1766ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಅವನ ತಲೆಯನ್ನು ಕಡಿದರು. ಮರಳಿ ಹೋದ ದಂಡನಾಯಕನಿಗೆ ಆದ ಗತಿ ಇದು. ಮರಳದೆ ಉಳಿದ ಸಾಮಾನ್ಯ ರೌತನಿಗೆ ಕುದುರೆಯೂ ಸಂಬಳವೂ ದೊರೆತುವು.

ಈ ಲಾಲೀಯನ್ನು ಮುಂದೆ ಹೈದರನ ಸೇವೆಗೆ ಬಂದ ಇನ್ನೊಬ್ಬ ಲಾಲೀಯೊಡನೆ ಬೆರೆಸುವುದು ನಮ್ಮ ಬರೆಹಗಳಲ್ಲಿ ಅಪರೂಪವಲ್ಲ. ಇಬ್ಬರೂ ಬೇರೆ ಬೇರೆ. ಎರಡನೆಯವನು ಮೊದಲು ಅದವಾನಿಯ ಬಸಾಲತ್ ಜಂಗನ ಸೇವೆಯಲ್ಲಿದ್ದವನು. 1775ರಲ್ಲಿ ಬಸಾಲತ್ ಜಂಗನ ಪರವಾಗಿ ಬಳ್ಳಾರಿಯನ್ನು ಮುತ್ತಿದ್ದಾಗ, ಹೈದರನು ಶ್ರೀರಂಗಪಟ್ಟಣದಿಂದ ಹಗಲಿರುಳೆನ್ನದೆ ನಡೆದು ಬಂದು ಮುತ್ತಿದವರ ಮೇಲೆಯೇ ಎರಗಿದನು. ಲಾಲೀ ತನ್ನವರೊಡನೆ ಅದವಾನಿಗೆ ಓಡಿ ಪಾರಾದನು. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಲಾಲೀ ಅದೇ ಹೈದರನ ಸರದಾರನಾದನು. ಇದಕ್ಕೆ ಕಾರಣವಾದುದು ಅವನ ಚಂಚಲಬುದ್ಧಿಯೆನ್ನುವುದಕ್ಕಿಂತ ಮದರಾಸಿನವರ ಒಂದು ಒಡಂಬಡಿಕೆಯೆಂದರೆ ಸರಿಯಾದೀತು. ಗುಂಟೂರಿನ ವಿಷಯವಾಗಿ ಅವರು ಬಸಾಲತ್ ಜಂಗನೊಡನೆ 1779ರಲ್ಲಿ ಮಾಡಿಕೊಂಡ ಕರಾರಿನಂತೆ ಅವನು ತನ್ನ ಫ್ರೆಂಚರನ್ನು ಬಿಟ್ಟುಬಿಡಬೇಕಾಯಿತು. ಬಿಟ್ಟವರು ಎಲ್ಲಿಗೆ ಹೋಗಬೇಕೆಂಬುದನ್ನು ಕರಾರು ಹೇಳಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ನಾಶವಾದಾಗ ಲಾಲೀ ಹೈದರನ ಪಕ್ಷದಲ್ಲಿ ನಿಂತಿದ್ದನು. ಸೋತವರಲ್ಲಿ ಕೆಲವರ ಪ್ರಾಣ ಉಳಿದುದು ಅವನೂ ಪಿಮೋರಿನ್ ಎಂಬ ಇನ್ನೊಬ್ಬ ಫ್ರೆಂಚನೂ ಅಡ್ಡಬಂದುದರಿಂದ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ದೂರದರ್ಶಕವನ್ನು ಹಿಡಿದಿರುವ ಫ್ರೆಂಚ್ ಸರದಾರನನ್ನು ಇಂದಿಗೂ ಕಾಣಬಹುದು. ಸೈನಿಕನನ್ನು ಒಬ್ಬ ದೊರೆಯ ಸೇವೆಯಿಂದ ಬಿಡಿಸುವುದು ಸುಲಭ, ಅವನ ವೃತ್ತಿಯಿಂದ ಬಿಡಿಸುವುದು ಕಷ್ಟ ಎಂಬುದನ್ನು ಮದರಾಸಿನ ಕೌನ್ಸಿಲಿನವರು ತೆತ್ತ ಬೆಲೆ ದೊಡ್ಡದು.

ಇದೇ 1779ರ ಮಾರ್ಚಿಯಲ್ಲಿ ಚಿತ್ರದುರ್ಗ ಬಿದ್ದಿತು. ತ. ರಾ. ಸುಬ್ಬರಾಯರ 'ದುರ್ಗಾಸ್ತಮಾನ'ವನ್ನು ಓದಿದವರಿಗೆ ಆ ಪತನದ ಕಥೆ ಚೆನ್ನಾಗಿ ತಿಳಿದಿದೆ. ಕೋಟೆಯೊಳಗೆ ಪಾಳೆಯಗಾರನ ಸಂಬಳದಲ್ಲಿ 3,000 ಮಂದಿ ಮುಸಲ್ಮಾನ ಸೈನಿಕರಿದ್ದರೆಂದೂ ಹೈದರನು ಅವರನ್ನು ಒಬ್ಬ ಫಕೀರನ ಮೂಲಕ ಒಲಿಸಿಕೊಂಡನೆಂದೂ ವಿಲ್ಕ್ಸ್ ಬರೆಯುತ್ತಾನೆ. ಕಾದಂಬರಿಗೆ ಅಲ್ಲಿಗೆ ಮುಕ್ತಾಯ ಉಚಿತ. ಕೋಟೆಯನ್ನು ಕಾದವರ ಚರಿತ್ರೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಮದಕರಿನಾಯಕನೂ ಅವನ ಪರಿವಾರವೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಸೀಮೆಯ ಬೇಡರು ಸುಮ್ಮನಿರುವವರಲ್ಲವೆಂದು ಬಗೆದು ಹೈದರನು ಅವರಲ್ಲಿ 20,000 ಜನರನ್ನು ಅಲ್ಲಿಗೇ ಸಾಗಿಸಿದನೆಂಬುದು ವಿಲ್ಕ್ಸನ ಲೆಕ್ಕ. ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಮತವನ್ನು ಬದಲಿಸಿ, ಕವಾಯತು ಕಲಿಸಿ, ಪ್ರತ್ಯೇಕವಾದ ಪಟಾಲಮುಗಳನ್ನು ಕಟ್ಟಿದನು. ಇವುಗಳಿಗೆ ಚೇಲಾ ಪಟಾಲಮುಗಳೆಂದು ಹೆಸರಾಯಿತು. ಹಿಂದೂಸ್ತಾನಿಯಲ್ಲಿ ಚೇಲಾ ಎಂದರೆ ಶಿಷ್ಯ. ಇಂದಿನ ಕನ್ನಡದ ಆಡುಮಾತಿನಲ್ಲಿ ಆ ಶಬ್ದಕ್ಕೆ ಬಂದಿರುವ ಹಗುರವಾದ ಅರ್ಥವನ್ನು ಇಲ್ಲಿ ಮರೆಯಬೇಕು. ತುರ್ಕಿಯ ಸುಲ್ತಾನರು ಕ್ರೈಸ್ತ ಬಾಲಕರಿಂದ ಕಟ್ಟಿದ ಜಾನಿಸಾರಿ ದಂಡಿಗೂ ಇದಕ್ಕೂ ಹೋಲಿಕೆಯಿದೆ. ಊರೂ ಕುಲವೂ ಹೆಸರೂ ಇಲ್ಲದಂತಾದ ಬಾಲಕನಿಗೆ ಒಡೆಯನೊಬ್ಬನೇ ದಿಕ್ಕು ಎಂಬುದು ಎರಡಕ್ಕೂ ತಳಹದಿ.

ಚೇಲಾ ಎಂದ ಮಾತ್ರಕ್ಕೆ ಹೀನಸ್ಥಿತಿಯೆಂದು ತಿಳಿಯಲಾಗದು. ಬಿದ್ದ ದುರ್ಗದ ಆಡಳಿತಕ್ಕೆ ಹೈದರನು ನೇಮಿಸಿದ ಶೇಖ್ ಅಯಾಜನೇ ಒಬ್ಬ ಚೇಲಾ. ಮಲೆಯಾಳದಿಂದ ಸೆರೆಯಾಗಿ ಬಂದ ನಾಯರ್ ಬಾಲಕನವನು. ಓದುಬರೆಹ ಬಾರದಿದ್ದರೂ ಹೈದರನ ವಿಶ್ವಾಸಕ್ಕೆ ಪಾತ್ರನಾದವನು. ಚಿತ್ರದುರ್ಗದಿಂದ ಬಿದನೂರಿಗೆ ಹೋದನು. ಹೈದರನು 1782ರ ಡಿಸೆಂಬರಿನಲ್ಲಿ ತೀರಿಕೊಂಡಮೇಲೆ ಟೀಪುವಿನಿಂದ ತನಗೆ ಕೇಡು ತಪ್ಪದೆಂದು ಅಂಜಿ, 1783ರ ಜನವರಿಯಲ್ಲಿ ಬಿದನೂರನ್ನು ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿ ಮುಂಬಯಿಯನ್ನು ಸೇರಿ ಇಂಗ್ಲಿಷರ ಆಶ್ರಯದಲ್ಲಿ ನೆಲೆಸಿದನು. ಮಲೆಯಾಳಕ್ಕೆ ಮರಳಲಿಲ್ಲ. ದುರ್ಗದವರನ್ನು ಪರಸ್ಥಳಕ್ಕೆ ಕಳುಹಿಸಿ ಆ ದುರ್ಗವನ್ನು ಪರಸ್ಥಳದಿಂದ ಬಂದವನ ಕೈಗೆ ಕೊಡುವುದು ಅಂದಿನ ರಾಜನೀತಿಯ ಒಂದು ಜಾಣ್ಮೆ.

ದುರ್ಗದ ಹುಡುಗರಿಗೆ ಐರೋಪ್ಯ ರೀತಿಯ ಕವಾಯತನ್ನು ಕಲಿಸಿದವರಾರೆಂದು ನೋಡಿದರೆ ಚರಿತ್ರೆಯ ಒಂದು ವಿಚಿತ್ರ ಸಂಧಿ ಕಾಣುತ್ತದೆ. ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ಸೈನಿಕರಲ್ಲಿ ಎಳೆಯ ಪ್ರಾಯದವರನ್ನು ಬೇರ್ಪಡಿಸಿ, ಸುನ್ನತಿ ಮಾಡಿಸಿ, ಚೇಲಾ ಪಟಾಲಮುಗಳಿಗೆ ಶಿಕ್ಷಕರನ್ನಾಗಿ ಹಂಚಿದರು. ಬಂಗಾಳದ ತೋಪಖಾನೆಯ ಜೇಮ್ಸ್ ಬ್ರಿಸ್ಟೋ ಎಂಬವನು ಅವರಲ್ಲಿ ಒಬ್ಬ. 1781ರಲ್ಲಿ ಸೆರೆಸಿಕ್ಕಿದವನು. ಇನ್ನೊಬ್ಬ ಜೇಮ್ಸ್ ಸ್ಕರಿ. ಹ್ಯಾನಿಬಲ್ ಎಂಬ ಹಡಗಿನಲ್ಲಿದ್ದ ಹುಡುಗ. 1782ರಲ್ಲಿ ಆ ಹಡಗನ್ನು ಹಿಡಿದ ಫ್ರೆಂಚ್ ನೌಕಾಧಿಪತಿ ಸುಫ್ರೇನನು ತನ್ನ ಸೆರೆಯಾಳುಗಳನ್ನು ಹೈದರನಿಗೆ ಒಪ್ಪಿಸಿಬಿಟ್ಟನು. ಹೀಗೆ ಸೆರೆಯಾದ ಇಂಗ್ಲಿಷ್ ಹುಡುಗನೂ ಸೆರೆಯಾದ ಬೇಡರ ಹುಡುಗನೂ ಒಂದೇ ಬಗೆಯ ಉಡುಪನ್ನು ಉಟ್ಟು ಒಂದೇ ಬಯಲಿನಲ್ಲಿ ನಿಂತರು. ಒಬ್ಬನ ಊರು ಏಳು ಸಮುದ್ರದಾಚೆ; ಇನ್ನೊಬ್ಬನದು ಏಳೆಂಟು ದಿನಗಳ ನಡಿಗೆಯ ದೂರ. ಇಬ್ಬರಿಗೂ ಊರಿಗೆ ಹೋಗುವ ಅನುಮತಿಯಿರಲಿಲ್ಲ.

1784ರ ಮಾರ್ಚಿ 11ರಂದು ಮಂಗಳೂರಿನಲ್ಲಿ ಒಡಂಬಡಿಕೆಯಾಯಿತು. ಎರಡು ಕಡೆಯ ಸೆರೆಯಾಳುಗಳನ್ನೂ ಬಿಡತಕ್ಕುದೆಂದು ಅದರಲ್ಲಿ ಬರೆಯಿತು. ನೂರಾರು ಇಂಗ್ಲಿಷರು ಬಿಡುಗಡೆ ಹೊಂದಿ ಹೋದರು. ಬ್ರಿಸ್ಟೋ, ಸ್ಕರಿ ಮೊದಲಾದವರು ಹೋಗಲಿಲ್ಲ. ಅವರನ್ನು ಕಣ್ಣಿಗೆ ಬೀಳದಂತೆ ಇರಿಸಿದ್ದರು. ಮತವನ್ನು ಬದಲಿಸಿ ಪಟಾಲಮಿಗೆ ಸೇರಿದವರು ಸೆರೆಯಾಳುಗಳಲ್ಲ, ಸರ್ಕಾರದ ಸೇವಕರು ಎಂಬುದು ಶ್ರೀರಂಗಪಟ್ಟಣದ ದೃಷ್ಟಿ. ಬೇಡರ ವಿಷಯವನ್ನಂತೂ ಆ ಒಡಂಬಡಿಕೆಯಲ್ಲಿ ಯಾರೂ ಎತ್ತುವಂತಿರಲಿಲ್ಲ; ಅವರ ಪರವಾಗಿ ಮಾತನಾಡಬೇಕಾದ ದೊರೆ ತಾನೇ ಸೆರೆಯಾದವನು. ಯುದ್ಧಾನಂತರ ಸೈನಿಕನ ಗತಿಯನ್ನು ನಿರ್ಣಯಿಸಿದುದು ಅವನು ಯಾರ ಪಟ್ಟಿಯಲ್ಲಿ ಸೇರಿದ್ದನೆಂಬುದೇ ಎಂದು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗುತ್ತದೆ.

ಬ್ರಿಸ್ಟೋವೂ ಸ್ಕರಿಯೂ ಸುಮಾರು ಹತ್ತು ವರ್ಷ ಕಳೆದ ಮೇಲೆ, ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ತಪ್ಪಿಸಿಕೊಂಡರು. ಬ್ರಿಸ್ಟೋ ಹುಲಿಯೂರುದುರ್ಗದಿಂದ ಓಡಿದನು. ಅವನ ಕಥನ 1792ರಲ್ಲಿ ಕಲ್ಕತ್ತೆಯಲ್ಲಿಯೂ ಮರುವರ್ಷ ಲಂಡನಿನಲ್ಲಿಯೂ ಅಚ್ಚಾಯಿತು. ಟೀಪುವಿನ ಮೇಲೆ ಇಂಗ್ಲೆಂಡಿನ ಜನಾಭಿಪ್ರಾಯವನ್ನು ಕೆರಳಿಸುತ್ತಿದ್ದ ಕಾಲದಲ್ಲಿ ಪ್ರಕಟವಾದ ಈ ಬಗೆಯ ಪುಸ್ತಕಗಳನ್ನು ವಿವೇಚನೆಯಿಂದ ಓದಬೇಕು; ಕ್ರೌರ್ಯದ ವರ್ಣನೆಗೆ ಆಗ ಓದುಗರೂ ಇದ್ದರು, ಆಶ್ರಯದಾತರೂ ಇದ್ದರು. ಆದರೆ ಸ್ಕರಿಯ ಪುಸ್ತಕದಲ್ಲಿ ಅಂಥ ಉದ್ದೇಶಕ್ಕೆ ಹೊಂದದ ಸಂಗತಿಗಳೂ ಇವೆ, ಅವೇ ಹೆಚ್ಚು ನಂಬಲರ್ಹವಾದುವು. ಸ್ವಜನರ ಪಾಳೆಯಕ್ಕೆ ಬಂದು ಸೇರಿದಾಗ ಅವನಿಗೆ ಕುರ್ಚಿಯ ಮೇಲೆ ಕುಳಿತುಕೊಳ್ಳುವುದು ಮರೆತುಹೋಗಿತ್ತು. ಚೂರಿ ಮುಳ್ಳುಗಳಿಂದ ಉಣ್ಣಲು ಬಾರದಾಗಿತ್ತು. ಐರೋಪ್ಯ ಉಡುಪು ಮೈಗೆ ಒಗ್ಗಲಿಲ್ಲ. ಬಿಸಿಲಿಗೆ ಮೈ ಕಪ್ಪಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಅವನ ಮಾತೃಭಾಷೆಯೇ ಮುರುಕುಮುರುಕಾಗಿ, ಅದರ ನುಡಿಗಟ್ಟು ನಾಲಗೆಯಿಂದ ಜಾರಿಹೋಗಿತ್ತು. ಶ್ರೀರಂಗಪಟ್ಟಣದಲ್ಲಿ ಕೈಹಿಡಿದಿದ್ದ ಹೆಂಡತಿಯನ್ನು ಬಿಟ್ಟುಬಂದ ನೋವೂ ಅವನಿಗಿತ್ತು. ಹದಿನೈದು ಹದಿನಾರರ ವಯಸ್ಸಿನಲ್ಲಿ ಹೋದವನು ಇಪ್ಪತ್ತೈದರಲ್ಲಿ ಮರಳಿದರೆ ಮರಳಿದವನು ಅವನೇ ಎನ್ನುವುದು ಹೇಗೆ? ಅವನು 1822ರಲ್ಲಿ ತೀರಿಕೊಂಡನು. ಪುಸ್ತಕ ಹೊರಬಂದುದು 1824ರಲ್ಲಿ. ಭಾಷೆಯನ್ನು ಕಳೆದುಕೊಂಡವನು ಅದೇ ಭಾಷೆಯಲ್ಲಿ ತನ್ನ ಕಥೆಯನ್ನು ಬಿಟ್ಟುಹೋದನೆಂಬುದು ಸಾಹಿತ್ಯದ ಅಧ್ಯಾಪಕರು ಯೋಚಿಸತಕ್ಕ ವಿಷಯ. ಅವನ ಪಕ್ಕದಲ್ಲಿ ನಿಂತು ಬಂದೂಕು ಹಿಡಿಯಲು ಕಲಿತ ಬೇಡರ ಹುಡುಗನ ಕನ್ನಡಕ್ಕೋ ತೆಲುಗಿಗೋ ಏನಾಯಿತೆಂದು ಕೇಳಿ ಬರೆದುಕೊಳ್ಳುವ ಪ್ರಕಾಶಕನು ಶ್ರೀರಂಗಪಟ್ಟಣದಲ್ಲಿ ಇರಲಿಲ್ಲ.

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹೊರ ಪಾಳೆಯದ ಮೇಲೆ ಇರುಳಿನಲ್ಲಿ ಬಿದ್ದನು. ಆ ಗಲಿಬಿಲಿಯಲ್ಲಿ ಟೀಪುವಿನ ಸೇವೆಯನ್ನು ಬಿಟ್ಟು 57 ಮಂದಿ ಪರದೇಶೀಯರು ಹೊರಬಂದರೆಂದು ಮೇಜರ್ ಡಿರೋಮನು ಬರೆದಿದ್ದಾನೆ. ಕುಶಲಕರ್ಮಿಗಳ ಮುಖ್ಯಸ್ಥನಾದ ವೃದ್ಧ ಬ್ಲೆವೆಟ್, ದುಭಾಷಿ ಲಾಫೋಲಿ ಇವರಲ್ಲಿ ಸೇರಿದ್ದರು. ಅದೇ ಸಮಯದಲ್ಲಿ ಸೆರೆಯಾಗಿ ಬಂದಿದ್ದ ಕೊಡಗರು ಸಹಸ್ರಗಟ್ಟಲೆಯಾಗಿ ತಪ್ಪಿಸಿಕೊಂಡು ಹೆಂಡಿರು ಮಕ್ಕಳೊಡನೆ ತಮ್ಮ ನಾಡಿಗೆ ನಡೆದರು. ಕೊಡಗರಿಗೆ ಹಿಂದಿರುಗಲು ನಾಡಿತ್ತು, ನಾಡಿನಲ್ಲಿ ಅವರನ್ನು ಬರಮಾಡಿಕೊಳ್ಳುವ ರಾಜನಿದ್ದನು. ಚಿತ್ರದುರ್ಗವಾದರೋ ಅಂದು ಟೀಪುವಿನ ಕಿಲ್ಲೇದಾರನ ಕೈಯಲ್ಲಿತ್ತು. 1792ರ ಸಂಧಿಯಲ್ಲಿಯೂ ಅವನಿಂದ ಕೈಬಿಡಲಿಲ್ಲ.

ಮೈಸೂರನ್ನು ಬಿಟ್ಟ ಫ್ರೆಂಚರಲ್ಲಿ ಅತ್ಯಂತ ಪ್ರಖ್ಯಾತಿಗೆ ಬಂದವನು ರೇಮಾಂಡ್. 1775ರಲ್ಲಿ ಭಾರತಕ್ಕೆ ಬಂದು ಲಾಲೀಯ ಕೈಕೆಳಗೆ ಹೈದರನ ಸೇವೆಯಲ್ಲಿ ಯುದ್ಧವನ್ನು ಕಲಿತವನು. ಬಳಿಕ ಕೆಲಕಾಲ ಬುಸ್ಸಿಯ ಜೊತೆಗಿದ್ದು, ಬುಸ್ಸಿ 1785ರಲ್ಲಿ ತೀರಿಕೊಂಡ ಮೇಲೆ ಹೈದರಾಬಾದಿಗೆ ಹೋದನು. ಅಲ್ಲಿ ನಿಜಾಮನಿಗಾಗಿ ದೊಡ್ಡ ದಂಡೊಂದನ್ನು ಕಟ್ಟಿ, 1798ರ ಮಾರ್ಚಿಯಲ್ಲಿ ಮರಣ ಹೊಂದಿದನು. ಹೈದರಾಬಾದಿನ ಹೊರವಲಯದ ಸರೂರ್‌ನಗರದ ಬಳಿ ಗುಡ್ಡದ ಮೇಲೆ ಅವನ ಸಮಾಧಿಯಿದೆ. ಅಲ್ಲಿಯ ಮುಸಲ್ಮಾನರು ಅವನನ್ನು ಮೂಸಾ ರಹೀಮ್ ಎಂದರು, ಹಿಂದುಗಳು ಮೂಸಾ ರಾಮ್ ಎಂದರು. ಬಹುಕಾಲದವರೆಗೆ ವರ್ಷಕ್ಕೊಮ್ಮೆ ಸಮಾಧಿಗೆ ಧೂಪದೀಪಗಳು ಸಂದುವು. ಮೂಸಾರಾಂಬಾಗ್ ಎಂಬ ಮೊಹಲ್ಲೆಯ ಹೆಸರಿನಲ್ಲಿ ಆ ಗ್ಯಾಸ್ಕನಿಯವನು ಉಳಿದಿದ್ದಾನೆ. ಸೈನಿಕನಾಗಿ ಬಂದವನು ಊರದೇವರಾಗುವಷ್ಟು ಹತ್ತಿರ ಬಂದುದು ಈ ಇಡೀ ವೃತ್ತಾಂತದಲ್ಲಿ ಇವನೊಬ್ಬನೇ.

ಅವನ ದಂಡಿನ ಗತಿ ಬೇರೆಯಾಯಿತು. ಪೀರೋನನ ನಾಯಕತ್ವಕ್ಕೆ ಬಂದ ಆ ದಂಡಿನಲ್ಲಿ ಸುಮಾರು 14,000 ಸಿಪಾಯಿಗಳಿದ್ದರು. ಅದನ್ನು ಮುರಿಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹಟ. 1798ರ ಅಕ್ಟೋಬರಿನಲ್ಲಿ, ಬಾಕಿ ಸಂಬಳ ಮುಳುಗೀತೆಂಬ ಭಯದಿಂದ ಸಿಪಾಯಿಗಳು ತಮ್ಮ ಫ್ರೆಂಚ್ ಅಧಿಕಾರಿಗಳನ್ನೇ ಹಿಡಿದು ಕೂಡಿಹಾಕಿದರು. ಅಧಿಕಾರಿಗಳು ತಮ್ಮವರಿಂದ ಪಾರಾಗಲು ಇಂಗ್ಲಿಷರ ಮೊರೆಹೋದರು. ಸಂಬಳದ ಭರವಸೆ ದೊರೆತೊಡನೆ ಸಿಪಾಯಿಗಳು ಆಯುಧವನ್ನು ಕೆಳಗಿಟ್ಟರು. ಒಂದು ಗುಂಡೂ ಹಾರಲಿಲ್ಲ. ಅಧಿಕಾರಿಗಳನ್ನು ಕಲ್ಕತ್ತೆಯ ಮಾರ್ಗವಾಗಿ ಐರೋಪ್ಯಕ್ಕೆ ಕಳುಹಿಸಿದರು. ಸಿಪಾಯಿಗಳಲ್ಲಿ ಒಂದು ಭಾಗವನ್ನು ಮರುವರ್ಷವೇ ಕ್ಯಾಪ್ಟನ್ ಮಾಲ್ಕಮನು ಶ್ರೀರಂಗಪಟ್ಟಣದ ಮೇಲೆ ನಡೆಸಿಕೊಂಡು ಹೋದನು.

ಆ ಕೊನೆಯ ಯುದ್ಧಕ್ಕೆ ನೆಪವಾದುದೂ ಪರದೇಶೀ ಸೈನಿಕರ ಒಂದು ಸಣ್ಣ ಗುಂಪೇ. 1798ರ ಏಪ್ರಿಲ್ ಕೊನೆಯಲ್ಲಿ ಮಾರಿಷಸ್ ದ್ವೀಪದಿಂದ ಬಂದು ಮಂಗಳೂರಿನಲ್ಲಿ ಇಳಿದ ಅವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಶಾಪ್ವಿ ಅವರ ಮುಖ್ಯಸ್ಥ. ದೊಡ್ಡ ಸೈನ್ಯವನ್ನು ನಿರೀಕ್ಷಿಸಿದ್ದ ಟೀಪುವಿಗೆ ಇದರಿಂದ ಬಲ ಬರಲಿಲ್ಲ; ವೆಲ್ಲೆಸ್ಲಿಗೆ ಕಾರಣ ಸಿಕ್ಕಿತು. 1799ರ ಮೇ 4ರಂದು ಕೋಟೆ ಬಿದ್ದಾಗ ಶಾಪ್ವಿಯೂ ಅವನ ಸಂಗಡಿಗರೂ ಶರಣಾದರು.

ಕೋಟೆಯನ್ನು ಹತ್ತಿದವರಲ್ಲಿಯೂ ಪರದೇಶಿಗಳಿದ್ದರೆಂಬುದನ್ನು ಮರೆಯಬಾರದು. ದ ಮ್ಯೂರಾನ್ ಎಂಬವನು 1781ರಲ್ಲಿ ಡಚ್ಚರಿಗಾಗಿ ಕಟ್ಟಿದ ಸ್ವಿಸ್ ರೆಜಿಮೆಂಟು ಸಿಂಹಳದಲ್ಲಿದ್ದಾಗ, 1795ರಲ್ಲಿ ಸಂಬಳದ ಒಪ್ಪಂದವೊಂದರಿಂದ ಇಂಗ್ಲಿಷರ ಪಕ್ಷಕ್ಕೆ ತಿರುಗಿತು. ಗೆದ್ದ ಕೋಟೆಯಲ್ಲಿ ಅದು ಕೆಲವು ವರ್ಷ ಕಾವಲಿತ್ತು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಆ ರೆಜಿಮೆಂಟಿನವರ ಗೋರಿಗಳಿವೆ. 1806ರಲ್ಲಿ ಉಳಿದವರು ಭಾರತವನ್ನು ಬಿಟ್ಟರು. ರೆಜಿಮೆಂಟು ಕೆನಡಾಕ್ಕೆ ಹೋಗಿ 1816ರಲ್ಲಿ ಅಲ್ಲಿ ಬರಖಾಸ್ತಾಯಿತು. ಬಿಡುಗಡೆಯಾದವರಲ್ಲಿ ಸುಮಾರು ನೂರು ಮಂದಿಯನ್ನು ಲಾರ್ಡ್ ಸೆಲ್ಕರ್ಕನು ತನ್ನ ಕೆಲಸಕ್ಕೆ ತೆಗೆದುಕೊಂಡು ಕೆಂಪುಹೊಳೆಯ ದಂಡೆಯಲ್ಲಿ ಜಮೀನು ಕೊಟ್ಟನು. ಅಷ್ಟು ಹೊತ್ತಿಗೆ ಕಾವೇರಿಯನ್ನು ಕಂಡ ಹಳಬರು ಅದರಲ್ಲಿ ವಿರಳ. ಹೊಸಬರನ್ನು ತುಂಬಿ ತುಂಬಿ ಹೆಸರು ಮಾತ್ರ ಹಳೆಯದಾಗಿ ಉಳಿದಿತ್ತು. ಬೇಸಾಯ ಅವರಿಗೆ ಹಿಡಿಸಲಿಲ್ಲ. 1826ರ ನೆರೆಯ ತರುವಾಯ ಬಹುಮಂದಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಡೆಗೆ ಹೊರಟುಹೋದರು.

ಇನ್ನು ಉಳಿದವರು ಟೀಪುವಿನ ಸಾಮಾನ್ಯ ಸೈನಿಕರು. ಐರೋಪ್ಯರನ್ನು ಹಡಗು ಹತ್ತಿಸಬಹುದು. ಸಹಸ್ರಗಟ್ಟಲೆ ರೌತರನ್ನೂ ಪದಾತಿಗಳನ್ನೂ ಎಲ್ಲಿಗೆ ಕಳುಹಿಸುವುದು? ದಿವಾನ್ ಪೂರ್ಣಯ್ಯನು ಇದನ್ನು ಚೆನ್ನಾಗಿ ಅರಿತಿದ್ದನು. ಹಳೆಯ ಕಂದಾಚಾರದ ವ್ಯವಸ್ಥೆಯನ್ನು ಅವನು ಉಳಿಸಿಕೊಂಡುದು ಇದಕ್ಕಾಗಿಯೇ; ಊರಿನಲ್ಲಿ ಬೇಸಾಯ ಮಾಡಿಕೊಂಡು ಕರೆದಾಗ ಬರುವ ಕಾಲಾಳುಗಳಿಗೆ ಇದರಿಂದ ಅನ್ನವೂ ಉಂಟು, ಅವರ ಮೇಲೆ ಸರ್ಕಾರದ ಕಣ್ಣೂ ಉಂಟು. ಕುದುರೆ ಉಳ್ಳವರಿಗೆ ಸಿಲ್ಲೇದಾರ್ ಪಡೆ ಇದ್ದಿತು. 1803ರಲ್ಲಿ ಮೈಸೂರಿನ ರೌತರು ಮರಾಟರ ಮೇಲೆ ವೆಲ್ಲೆಸ್ಲಿಯೊಡನೆ ಅಸ್ಸಾಯೆಯವರೆಗೆ ಹೋದರು.

ಕಾಯಲಾರದವರು ಧೋಂಡಿಯ ವಾಘನ ಹಿಂದೆ ಹೋದರು. ಚನ್ನಗಿರಿಯವನಾದ ಧೋಂಡಿಯನು ಹೈದರನ ರೌತ. ಬಳಿಕ ಟೀಪುವಿನ ಸೆರೆಯಾಳು, ಬಲವಂತದಿಂದ ಮತಾಂತರ ಹೊಂದಿದವನು. ಕೋಟೆ ಬಿದ್ದ ದಿನ ಸೆರೆಯಿಂದ ಹೊರಬಂದು, ಕೆಲಸ ಕಳೆದುಕೊಂಡ ಸೈನಿಕರನ್ನು ಕೂಡಿಸಿಕೊಂಡು ಬಿದನೂರಿನ ಸೀಮೆಯನ್ನು ಹಿಡಿದನು. ಅವನ ಮೇಲೆ ಕರ್ನಲ್ ಡಾಲ್ರಿಂಪಲನ ಪಡೆ 1799ರ ಜುಲೈಯಲ್ಲಿ ಹೊರಟುದು ಚಿತ್ರದುರ್ಗದಿಂದಲೇ. ಇಪ್ಪತ್ತು ವರ್ಷಗಳ ಹಿಂದೆ ಯಾವ ಕೋಟೆಯಿಂದ ಸೋತ ಬೇಡರನ್ನು ಹೊರಡಿಸಿದರೋ ಆ ಕೋಟೆ ಈಗ ಕುಂಪಣಿಯ ಠಾಣೆಯಾಗಿ, ಸೋತ ಇನ್ನೊಂದು ಸೈನ್ಯದ ಉಳಿಕೆಯನ್ನು ಬೆನ್ನಟ್ಟಲು ನೆಲೆಯಾಯಿತು. ಧೋಂಡಿಯನು ತುಂಗಭದ್ರೆಯನ್ನು ದಾಟಿ ಪಾರಾಗಿ, ಮರುವರ್ಷ ಇನ್ನೂ ದೊಡ್ಡ ಗುಂಪಿನೊಡನೆ ಕಾಣಿಸಿಕೊಂಡು, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆಪಡೆಗೆ ಎದುರಾಗಿ ಮಡಿದನು. ಅವನ ಸಾಮಾನುಗಳ ನಡುವೆ ನಾಲ್ಕು ವರ್ಷದ ಮಗುವೊಂದು ಸಿಕ್ಕಿತು. ಹೆಸರು ಸಲಾಬತ್ ಖಾನ್. ವೆಲ್ಲೆಸ್ಲಿ ಆ ಹುಡುಗನನ್ನು ಸಾಕಿ, ಭಾರತವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನಿಟ್ಟು ಹೋದನು. ಬೆಳೆದ ಮೇಲೆ ಸಲಾಬತ್ ಖಾನನು ಮೈಸೂರು ಮಹಾರಾಜರ ಸೇವೆಗೆ ಸೇರಿದನು. 1822ರಲ್ಲಿ ವಾಂತಿಭೇದಿಯಿಂದ ತೀರಿಕೊಂಡನು.